ಗೇಮಿನ ಕ್ರೇಟು, ಫಿಫಾ ಪ್ಯಾಕು: ಜೂಜಿನ ಕಾಯ್ದೆ ಸಾಕಾ?

ಅಪ್ಪನ ಫೋನಿನಿಂದ ಮಗ ಯುಸಿ, ಡೈಮಂಡ್ ಅಂತ ಗೇಮಿನ ನಾಣ್ಯಕ್ಕೆ ಸಾವಿರಗಟ್ಟಲೆ ಕಳೆದ ಮೇಲೆ ಪೋಷಕರು ವಕೀಲರನ್ನು ಹುಡುಕುತ್ತಾರೆ. ನನ್ನ ಬಳಿ ಬರುವವರು ಸಾಮಾನ್ಯವಾಗಿ ಕೇಳುವುದು ಒಂದೇ: "ಇದು ಜೂಜೇ ಅಲ್ವಾ ಸರ್? ಕೇಸ್ ಹಾಕೋಕೆ ಆಗಲ್ವಾ?"

ನೋಡೋಕೆ ಜೂಜೇ. ಗೇಮಿನೊಳಗೆ ದುಡ್ಡು ಕೊಟ್ಟು ಕ್ರೇಟು, ಪ್ಯಾಕು ಅನ್ನುವ ಡಬ್ಬಿ ತೆರೆಯಬೇಕು, ಒಳಗೆ ಏನಿದೆ ಅಂತ ಮೊದಲೇ ಗೊತ್ತಿರುವುದಿಲ್ಲ. ನಾವು ಚಿಕ್ಕವರಿದ್ದಾಗ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡ್ ಇದ್ದ ಹಾಗೆ. ಆದರೆ ಅಲ್ಲಿ ಕಡೇಪಕ್ಷ ಬಾಯಿಗೆ ಗಮ್ ಸಿಗುತ್ತಿತ್ತು.

ಜೂಜು ಅನ್ನಲು ಕಾನೂನು ಸಾಮಾನ್ಯವಾಗಿ ಮೂರು ವಿಷಯ ಕೇಳುತ್ತದೆ. ಪಣ ಇರಬೇಕು, ಅದೃಷ್ಟದ ಆಟ ಆಗಿರಬೇಕು, ಗೆದ್ದದ್ದಕ್ಕೆ ಬೆಲೆ ಇರಬೇಕು. ಮೊದಲನೆಯದರಲ್ಲಿ ಜಗಳವಿಲ್ಲ. ಉಳಿದೆರಡರಲ್ಲಿ ಕಂಪನಿಗಳಿಗೆ ಉತ್ತರ ಸಿದ್ಧವಾಗಿರುತ್ತದೆ. "ಆಟ ನಡೆಯುವುದು ಕೌಶಲದಿಂದ. ಬಂದೂಕಿನ ಸ್ಕಿನ್ ಅಂದರೆ ಬರೀ ಬಣ್ಣದ ಹೊದಿಕೆ, ಮಾರೋಕೆ ಆಗಲ್ಲ, ಅದಕ್ಕೆ ಬೆಲೆ ಎಲ್ಲಿದೆ?"

ನೆದರ್ಲ್ಯಾಂಡ್ಸ್‌ನಲ್ಲಿ ಆಗಿದ್ದು ಕೇಳಿ. ಫಿಫಾ ಅನ್ನುವ ಫುಟ್‌ಬಾಲ್ ಗೇಮಿನ ಪ್ಯಾಕುಗಳಲ್ಲಿ ಯಾವ ಆಟಗಾರ ಬರುತ್ತಾನೆ ಅನ್ನುವುದು ಅದೃಷ್ಟ. ಇದು ಪರವಾನಗಿ ಇಲ್ಲದ ಜೂಜು ಅಂತ ಅಲ್ಲಿನ ಜೂಜು ನಿಯಂತ್ರಣ ಸಂಸ್ಥೆ ಆ ಗೇಮ್ ಮಾಡುವ ಇಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಗೆ ಒಟ್ಟು 1 ಕೋಟಿ ಯೂರೋ ದಂಡ ಹಾಕಿತು. 2020ರಲ್ಲಿ ಹೇಗ್‌ನ ಜಿಲ್ಲಾ ಕೋರ್ಟ್ ಕೂಡ ಸರಿ ಅಂದಿತು. ಮಾರ್ಚ್ 2022ರಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಎಲ್ಲವನ್ನೂ ತಳ್ಳಿಹಾಕಿತು. ಪ್ಯಾಕು ತೆರೆಯೋದು ಬೇರೆಯೇ ಒಂದು ಆಟ ಅಲ್ಲ, ಅದು ಫುಟ್‌ಬಾಲ್ ಗೇಮಿನ ಒಂದು ಭಾಗ, ಆ ಗೇಮ್ ಕೌಶಲದ್ದು ಅನ್ನುವುದು ಅದರ ವಾದ. ಹೊರಗೆ ಕಾಳಸಂತೆಯಲ್ಲಿ ಈ ಕಾರ್ಡುಗಳು ದುಡ್ಡಿಗೆ ಕೈ ಬದಲಾಗುತ್ತಿದ್ದವು ಅನ್ನುವುದೂ ಕಂಪನಿಯನ್ನು ಕಟ್ಟಿಹಾಕಲಿಲ್ಲ. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಪ್ಯಾಕು ಕೊಳ್ಳುವ ಹೊತ್ತಿಗೆ ಹುಡುಗನ ಕೈಯಲ್ಲಿ ಯಾವ ಕೌಶಲವೂ ಕೆಲಸ ಮಾಡುತ್ತಿರುವುದಿಲ್ಲ. ಆದರೆ ತೀರ್ಪು ತೀರ್ಪೇ.

ಪಕ್ಕದ ಬೆಲ್ಜಿಯಂ 2018ರಲ್ಲೇ ಇದನ್ನು ಜೂಜು ಅಂತ ಘೋಷಿಸಿತು. ಅಲ್ಲಿನ ಕಾನೂನಿಗೆ ಬಹುಮಾನ ಮಾರಾಟವಾಗಲೇಬೇಕು ಅಂತಿಲ್ಲ. ಇಲೆಕ್ಟ್ರಾನಿಕ್ ಆರ್ಟ್ಸ್ 2019ರ ಆರಂಭದಲ್ಲಿ ಅಲ್ಲಿ ಪ್ಯಾಕು ಕೊಳ್ಳಲು ಬೇಕಾದ ಫಿಫಾ ಪಾಯಿಂಟ್ ಮಾರುವುದನ್ನು ನಿಲ್ಲಿಸಿತು. ಬೆಲ್ಜಿಯಂ ಗೆದ್ದಿತು ಅಂದುಕೊಳ್ಳಬೇಡಿ. 2022ರಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ, ಬೆಲ್ಜಿಯಂನಲ್ಲಿ ಅತಿ ಹೆಚ್ಚು ಗಳಿಸುವ 100 ಐಫೋನ್ ಗೇಮುಗಳಲ್ಲಿ 82ರಲ್ಲಿ ಡಬ್ಬಿ ಮಾರಾಟ ನಡೆದೇ ಇತ್ತು. ದೊಡ್ಡ ಹೆಸರು ಹಿಂದೆ ಸರಿಯಿತು, ಉಳಿದವರು ಸುಮ್ನೆ ಮುಂದುವರಿಸಿದರು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಜೂಜಿನ ಕಾಯ್ದೆಗಿಂತ ಗ್ರಾಹಕರ ಕಾಯ್ದೆಯ ದಾರಿ ಹತ್ತಿರ. ಜಪಾನ್ 2012ರಲ್ಲಿ ಹಿಡಿದದ್ದು ಇದೇ ದಾರಿ. ಅದೃಷ್ಟದಿಂದ ಬರುವ ಚೂರುಗಳನ್ನೆಲ್ಲ ಸೇರಿಸಿದರೆ ಅಪರೂಪದ ಬಹುಮಾನ ಕೊಡುವ 'ಕೊಂಪು ಗಾಚಾ' ಎಂಬ ಪದ್ಧತಿಯನ್ನು ಗ್ರಾಹಕ ಇಲಾಖೆಯೇ ತಡೆಯಿತು. ಅಮೆರಿಕದಲ್ಲಿ ಜನವರಿ 2025ರಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್ ಗೇಮಿನ ಕಂಪನಿ ಅಲ್ಲಿನ ಗ್ರಾಹಕ ರಕ್ಷಣಾ ಸಂಸ್ಥೆಯ ಕೇಸಿನಲ್ಲಿ 2 ಕೋಟಿ ಡಾಲರ್ ಕೊಡಲು ಒಪ್ಪಿತು. ಆ ರಾಜಿಯ ಪ್ರಕಾರ ಕಂಪನಿ ಪೋಷಕರ ಒಪ್ಪಿಗೆ ಇಲ್ಲದೆ 16 ವರ್ಷದೊಳಗಿನವರಿಗೆ ಡಬ್ಬಿ ಮಾರುವಂತಿಲ್ಲ. ಸಾಧ್ಯತೆ ಎಷ್ಟು, ಗೇಮಿನ ನಾಣ್ಯಕ್ಕೆ ನಿಜವಾದ ದುಡ್ಡು ಎಷ್ಟು ಅಂತಲೂ ತಿಳಿಸಬೇಕು.

ಈ ಕೊನೆಯ ಎರಡು ಬಹಳ ಮುಖ್ಯ. 100ಕ್ಕೆ 1 ಸಾಧ್ಯತೆ ಅಂದರೆ 100 ಡಬ್ಬಿ ತೆರೆದರೆ ಒಂದು ಬಂದೇ ಬರುತ್ತದೆ ಅಂತ ಹುಡುಗರು ನಂಬಿರುತ್ತಾರೆ. ದೊಡ್ಡವರೂ ಅಷ್ಟೇ. ಗೇಮಿನಲ್ಲೇ ಗ್ಯಾರಂಟಿ ಇಲ್ಲದಿದ್ದರೆ, 100 ಡಬ್ಬಿ ತೆರೆದ ಪ್ರತಿ 100 ಜನರಲ್ಲಿ ಸುಮಾರು 37 ಜನರಿಗೆ ಅದು ಸಿಕ್ಕಿರುವುದೇ ಇಲ್ಲ. ಡಬ್ಬಿಗೆ 50 ರೂಪಾಯಿ ಅಂತ ಇಟ್ಟುಕೊಳ್ಳಿ, 5,000 ಹೋಯಿತು. ಅದೂ ರೂಪಾಯಿಯಲ್ಲಿ ಕಾಣುವುದಿಲ್ಲ, ಡೈಮಂಡಿನಲ್ಲಿ ಕಾಣುತ್ತದೆ.

ನಮ್ಮಲ್ಲಿ? ಆಗಸ್ಟ್ 2025ರಲ್ಲಿ ಸಂಸತ್ತು, ಪಣ ಕಟ್ಟಿ ಲಾಭಕ್ಕೆ ಆಡುವ ಆಟಗಳನ್ನು ನಿಷೇಧಿಸುವ ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸ್ ಮಾಡಿತು. ಕೌಶಲವೋ ಅದೃಷ್ಟವೋ ಅನ್ನುವ ಹಳೇ ಜಗಳವನ್ನೇ ಅದು ಬದಿಗಿಟ್ಟಿದೆ. ದುಡ್ಡು ಕೊಟ್ಟು ಕೊಂಡ ನಾಣ್ಯ, ಟೋಕನ್ ಕೂಡ ಪಣವೇ ಅನ್ನುತ್ತದೆ. ಆದರೆ ಡಬ್ಬಿಗಳ ಹೆಸರು ಅದರಲ್ಲಿಲ್ಲ. ಸ್ಕಿನ್ ಸಿಕ್ಕರೆ ಅದು 'ಲಾಭ'ವೇ ಅನ್ನುವುದನ್ನು ವಾದ ಮಾಡಿಯೇ ನೋಡಬೇಕು. ನವೆಂಬರ್ 2023ರಲ್ಲಿ ಗ್ರಾಹಕ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿದೆ. ಅಲ್ಲೂ ಡಬ್ಬಿ ಇಲ್ಲ. ಆದರೆ 'ಇನ್ನು 10 ನಿಮಿಷ ಮಾತ್ರ' ಅಂತ ಸುಳ್ಳು ಗಡಿಬಿಡಿ ಮಾಡಿಸುವುದು ಇದೆ. ನಾನಾದರೆ ಅಲ್ಲಿಂದಲೇ ಶುರು ಮಾಡುತ್ತೇನೆ.

ಇನ್ನು ಹೋದ ದುಡ್ಡು. 18 ತುಂಬದವರ ಜೊತೆಗಿನ ಒಪ್ಪಂದ ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ, 1903ರಿಂದಲೂ ಇದೇ ತೀರ್ಪು. ತೊಂದರೆ ಏನಂದರೆ ಖಾತೆ ಅಪ್ಪನದು, ಪಿನ್ ಅಪ್ಪನದು. ಒತ್ತಿದ್ದು ಮಗ ಅಂತ ತೋರಿಸಬೇಕಾದವರು ನೀವೇ. ಅದಕ್ಕೇ ಗೊತ್ತಾದ ಕೂಡಲೇ ಆಪ್ ಸ್ಟೋರಿನಲ್ಲಿ ರೀಫಂಡ್ ಕೇಳಿ. ಗೂಗಲ್ ಪ್ಲೇನಲ್ಲಿ ಮೊದಲ 48 ಗಂಟೆ ಮುಖ್ಯ. ಆರ್ಡರ್ ಮೇಲ್, ಗೇಮಿನ ಐಡಿ, ಆಫರ್ ಪರದೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ, ಸಿಟ್ಟಿನಲ್ಲಿ ಗೇಮ್ ಅಳಿಸಬೇಡಿ. ಆಗಲಿಲ್ಲ ಅಂದರೆ ಗ್ರಾಹಕ ಸಹಾಯವಾಣಿ 1915. ದೂರಿನಲ್ಲಿ ಜೂಜಿನ ಮಾತು ಬಿಟ್ಟು, ಅನುಚಿತ ವ್ಯಾಪಾರ ಪದ್ಧತಿ ಅಂತ ಬರೆಸಿ.