ಧೂಳು ಸ್ಫೋಟ ಎಂದರೇನು? ಹಿಟ್ಟು, ಸಕ್ಕರೆ, ಮರದ ಪುಡಿಯೂ ಸಿಡಿಯುವುದು ಹೇಗೆ?

ಪೆಟ್ರೋಲ್, ಥಿನ್ನರ್, ಗ್ಯಾಸ್ ಇರುವ ಕಡೆ ಬೀಡಿ ಹಚ್ಚಬಾರದು ಅಂತ ಎಲ್ಲರಿಗೂ ಗೊತ್ತು. ಹಿಟ್ಟಿನ ಗಿರಣಿಯಲ್ಲೋ ಸಕ್ಕರೆ ಕಾರ್ಖಾನೆಯಲ್ಲೋ ಅಂಥ ಭಯ ಸುಲಭಕ್ಕೆ ಹುಟ್ಟುವುದಿಲ್ಲ. ತಿನ್ನುವ ವಸ್ತು, ಅದರ ಪುಡಿಯಿಂದ ಏನಾದೀತು ಅನಿಸುತ್ತದೆ. ಆದರೆ ಉರಿಯಬಲ್ಲ ಯಾವುದೇ ವಸ್ತುವಿನ ನುಣ್ಣನೆಯ ಪುಡಿ ಗಾಳಿಯಲ್ಲಿ ದಟ್ಟವಾಗಿ ಎದ್ದಾಗ ಕಿಡಿ ತಗುಲಿದರೆ ಅಷ್ಟೂ ಪುಡಿ ಕ್ಷಣದಲ್ಲಿ ಹೊತ್ತಿಕೊಳ್ಳಬಹುದು. ಸುತ್ತ ಗೋಡೆಯೋ ತಗಡೋ ಇದ್ದರೆ ಒಳಗಿನ ಒತ್ತಡ ಏರಿ ಅದು ಒಡೆಯುತ್ತದೆ. ಇದನ್ನೇ ಧೂಳು ಸ್ಫೋಟ ಎನ್ನುತ್ತಾರೆ.

ಮರದ ದಿಮ್ಮಿ ನಿಧಾನವಾಗಿ ಉರಿಯುತ್ತದೆ. ಅದೇ ಮರದ ಪುಡಿ ಯಾಕೆ ಸಿಡಿಯುತ್ತದೆ? ಬೆಂಕಿಗೆ ಬೇಕಾದ ಆಮ್ಲಜನಕ ವಸ್ತುವಿನ ಹೊರಮೈಗೆ ಮಾತ್ರ ತಾಗುತ್ತದೆ. ಪ್ರತಿ ಬದಿ 1 ಸೆಂಟಿಮೀಟರ್ ಇರುವ ಮರದ ಘನವನ್ನು ತೆಗೆದುಕೊಳ್ಳಿ. ಅದರ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ 0.1 ಮಿಲಿಮೀಟರ್ ಚೂರುಗಳಾಗಿ ಕತ್ತರಿಸಿದರೆ 10 ಲಕ್ಷ ಚೂರು ಸಿಗುತ್ತವೆ, ಹೊರಮೈ 600 ಚದರ ಸೆಂಟಿಮೀಟರ್ ಆಗುತ್ತದೆ. ತೂಕ ಅಷ್ಟೇ, ಗಾಳಿ ತಾಗುವ ಜಾಗ ಮಾತ್ರ 100 ಪಟ್ಟು. ಪುಡಿ ನುಣ್ಣಗಾದಷ್ಟೂ ಬೇಗ ಹೊತ್ತುತ್ತದೆ, ಹೆಚ್ಚು ಹೊತ್ತು ಗಾಳಿಯಲ್ಲಿ ತೇಲುತ್ತದೆ.

ಹಾಗಾಗಿ ಪಟ್ಟಿ ಉದ್ದವಾಗಿದೆ. ಹಿಟ್ಟು, ಪಿಷ್ಟ, ಸಕ್ಕರೆ, ಹಾಲಿನ ಪುಡಿ, ಮರ, ಕಾಗದ, ಹತ್ತಿ, ಕಲ್ಲಿದ್ದಲು, ಗಂಧಕ, ಪ್ಲಾಸ್ಟಿಕ್ ಪುಡಿ, ಎಷ್ಟೋ ಔಷಧಿಗಳ ಪುಡಿ ಎಲ್ಲವೂ ಇದರಲ್ಲಿವೆ. ಅಲ್ಯುಮಿನಿಯಂ, ಮೆಗ್ನೀಸಿಯಂನಂಥ ಲೋಹಗಳ ಪುಡಿ ಇನ್ನೂ ಉಗ್ರ. ಮರಳು, ಸಿಮೆಂಟು, ಸುಣ್ಣದಕಲ್ಲು, ಉಪ್ಪು ಉರಿಯುವುದಿಲ್ಲ, ಅವು ಸಿಡಿಯುವುದೂ ಇಲ್ಲ.

ಬೆಂಕಿಗೆ ಮೂರು ಬೇಕು ಅಂತ ಶಾಲೆಯಲ್ಲಿ ಓದಿರುತ್ತೇವೆ: ಉರುವಲು, ಆಮ್ಲಜನಕ, ಹೊತ್ತಿಸುವ ಬಿಸಿ. ಧೂಳು ಸ್ಫೋಟಕ್ಕೆ ಇನ್ನೆರಡು ಬೇಕು. ಪುಡಿ ಗಾಳಿಯಲ್ಲಿ ಎದ್ದಿರಬೇಕು, ಮತ್ತು ಅದು ಮುಚ್ಚಿದ ಜಾಗದಲ್ಲಿರಬೇಕು. ಐದರಲ್ಲಿ ಒಂದನ್ನು ತಪ್ಪಿಸಿದರೂ ಸ್ಫೋಟ ಆಗುವುದಿಲ್ಲ. ಗಾಳಿ ಎಲ್ಲ ಕಡೆ ಇದ್ದೇ ಇರುತ್ತದೆ. ಕಿಡಿಯನ್ನು ಪೂರ್ತಿ ತಡೆಯುತ್ತೇವೆ ಅಂತ ಯಾರೂ ಭರವಸೆ ಕೊಡಲಾರರು. ಆದ್ದರಿಂದ ನಿಜವಾಗಿ ನಮ್ಮ ಹಿಡಿತದಲ್ಲಿರುವುದು ಪುಡಿಯೇ.

ಪುಡಿ ಎಷ್ಟಿದ್ದರೆ ಅಪಾಯ? ಬಹಳಷ್ಟು ವಸ್ತುಗಳಿಗೆ ಒಂದು ಘನ ಮೀಟರ್ ಗಾಳಿಯಲ್ಲಿ 30ರಿಂದ 60 ಗ್ರಾಂ ಇದ್ದರೆ ಸಾಕು. ಕೇಳಲು ಕಡಿಮೆ ಅನಿಸುತ್ತದೆ ಅಲ್ವಾ? ಆದರೆ ಅಂಥ ಮೋಡದಲ್ಲಿ ನಿಂತರೆ ಒಂದೆರಡು ಮೀಟರ್ ಆಚೆ ಉರಿಯುವ ದೀಪವೂ ಸರಿಯಾಗಿ ಕಾಣುವುದಿಲ್ಲ. ಮನುಷ್ಯರು ಅಲ್ಲಿ ಕೆಲಸ ಮಾಡಲಾರರು. ಅಷ್ಟು ದಟ್ಟವಾದ ಧೂಳು ದಿನವೂ ಇರುವುದು ಯಂತ್ರಗಳ ಒಳಗೆ: ಸೈಲೋ (ಪುಡಿ, ಕಾಳು ತುಂಬಿಡುವ ಎತ್ತರದ ಗೋಪುರ), ಬಕೆಟ್ ಎಲಿವೇಟರ್ (ಬಕೆಟ್ಟುಗಳಲ್ಲಿ ಸರಕನ್ನು ಮೇಲೆತ್ತುವ ಯಂತ್ರ), ಗ್ರೈಂಡರ್, ಡಕ್ಟ್ (ಗಾಳಿ, ಧೂಳು ಸಾಗುವ ಕೊಳವೆ), ಡಸ್ಟ್ ಕಲೆಕ್ಟರ್ (ಧೂಳನ್ನು ಎಳೆದು ಹಿಡಿದಿಡುವ ಯಂತ್ರ). ಕೆಲಸಗಾರರು ನಿಂತಿರುವ ಶೆಡ್ಡಿನ ಗಾಳಿ ಹೆಚ್ಚುಕಡಿಮೆ ತಿಳಿಯಾಗಿಯೇ ಕಾಣುತ್ತದೆ. ಇಷ್ಟು ವರ್ಷ ಏನೂ ಆಗಿಲ್ಲ ಎಂಬ ಧೈರ್ಯ ಹುಟ್ಟುವುದೂ ಇಲ್ಲಿಂದಲೇ.

ಈ ಧೈರ್ಯವನ್ನು ಸುಳ್ಳು ಮಾಡುವುದು ಎರಡನೇ ಸ್ಫೋಟ. ಈ ಇಡೀ ವಿಷಯದಲ್ಲಿ ನೆನಪಿಡಬೇಕಾದ್ದು ಒಂದೇ ಒಂದು ಎಂದರೆ ನಾನು ಇದನ್ನೇ ಹೇಳುತ್ತೇನೆ. ಮೊದಲು ಯಾವುದೋ ಒಂದು ಯಂತ್ರದೊಳಗೆ ಸಣ್ಣ ಸ್ಫೋಟ ಆಗುತ್ತದೆ. ಅದರಿಂದ ಹೊರಟ ಗಾಳಿಯ ಹೊಡೆತಕ್ಕೆ ಕಟ್ಟಡ ಅದುರುತ್ತದೆ. ತೊಲೆ, ಟ್ರಸ್, ಕೇಬಲ್ ಟ್ರೇ, ಪೈಪು, ಲೈಟಿನ ತಲೆ, ಫಾಲ್ಸ್ ಸೀಲಿಂಗ್ ಮೇಲೆ ಕೂತಿದ್ದ ಧೂಳೆಲ್ಲ ಒಟ್ಟಿಗೆ ಕೆಳಗೆ ಉದುರುತ್ತದೆ. ಹಿಂದೆಯೇ ಬೆಂಕಿ ಬರುತ್ತದೆ. ಈಗ ಸಿಡಿಯುವುದು ಇಡೀ ಶೆಡ್ಡು. ಆ ಹೊಡೆತಕ್ಕೆ ಪಕ್ಕದ ಶೆಡ್ಡಿನ ಧೂಳು ಏಳುತ್ತದೆ.

ಲೆಕ್ಕ ಹಾಕಿ ನೋಡಿ. 5 ಮೀಟರ್ ಎತ್ತರದ ಕೋಣೆಯ ನೆಲದ ಮೇಲೆಲ್ಲ 1 ಮಿಲಿಮೀಟರ್ ದಪ್ಪ ಹಿಟ್ಟು ಕೂತಿದೆ ಅಂದುಕೊಳ್ಳಿ. ಒಂದು ಚದರ ಮೀಟರಿಗೆ ಸುಮಾರು ಅರ್ಧ ಕಿಲೋ ಆಯಿತು. ಅಷ್ಟೂ ಎದ್ದರೆ ಕೋಣೆಯ ಪ್ರತಿ ಘನ ಮೀಟರಿನಲ್ಲಿ 100 ಗ್ರಾಂ. ಸ್ಫೋಟಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ. ಮುಚ್ಚಿದ ಪಾತ್ರೆಯಲ್ಲಿ ಇಂಥ ಮೋಡ ಉರಿದರೆ ಒತ್ತಡ 7–8 ಬಾರ್‌ವರೆಗೂ ಏರಬಲ್ಲದು. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ. ಮಾಮೂಲಿ ಇಟ್ಟಿಗೆ ಗೋಡೆ ಬೀಳಲು ಅರ್ಧ ಬಾರ್ ಕೂಡ ಬೇಕಾಗುವುದಿಲ್ಲ.

ಹೀಗೇ ಆಯಿತು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿ, 2008ರ ಫೆಬ್ರವರಿ 7ರಂದು. ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಸೈಲೋಗಳ ಕೆಳಗೆ ಸಕ್ಕರೆ ಸಾಗಿಸುವ ಒಂದು ಕನ್ವೇಯರ್ ಇತ್ತು. ಮೊದಲು ಅದು ತೆರೆದೇ ಇತ್ತು. ಸಕ್ಕರೆಗೆ ಕಸ ಬೀಳಬಾರದು ಎಂದು ಹಿಂದಿನ ವರ್ಷ ಅದಕ್ಕೆ ಸುತ್ತಲೂ ಉಕ್ಕಿನ ತಗಡು ಮುಚ್ಚಿದರು. ಉದ್ದೇಶ ಒಳ್ಳೆಯದೇ. ಆದರೆ ಹೊರಹೋಗುತ್ತಿದ್ದ ಸಕ್ಕರೆ ಧೂಳು ಈಗ ಒಳಗೇ ನಿಂತು ದಟ್ಟವಾಯಿತು. ಬಹುಶಃ ಕಾದುಹೋಗಿದ್ದ ಒಂದು ಬೇರಿಂಗ್ ಅದನ್ನು ಹೊತ್ತಿಸಿತು ಎಂದು ತನಿಖೆ ಹೇಳಿತು. ಮೊದಲ ಸ್ಫೋಟ ಆ ಕನ್ವೇಯರಿನಲ್ಲಿ. ನೆಲದ ಮೇಲೆ, ಮೇಲಿನ ತೊಲೆಗಳ ಮೇಲೆ ಕೂತಿದ್ದ ಸಕ್ಕರೆ ಎದ್ದು ಪ್ಯಾಕಿಂಗ್ ಕಟ್ಟಡಗಳಲ್ಲಿ ಒಂದರ ಹಿಂದೊಂದು ಸ್ಫೋಟ ಆದವು. 14 ಜನ ಸತ್ತರು, 36 ಜನ ಗಾಯಗೊಂಡರು.

ಇದು ಹೊಸ ಕಾಲದ ರೋಗವೂ ಅಲ್ಲ. ಇಟಲಿಯ ಟ್ಯೂರಿನ್‌ನಲ್ಲಿ 1785ರಲ್ಲೇ ಹಿಟ್ಟಿನ ಉಗ್ರಾಣ ಸಿಡಿದ ದಾಖಲೆ ಇದೆ. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನ ವಾಶ್‌ಬರ್ನ್ ಎ ಎಂಬ ಹಿಟ್ಟಿನ ಗಿರಣಿ ಸಿಡಿದು 18 ಜನ ಸತ್ತರು. 1906ರಲ್ಲಿ ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ ಕಲ್ಲಿದ್ದಲ ಧೂಳು 1,099 ಜನರನ್ನು ಕೊಂದಿತು. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ ಅಲ್ಯುಮಿನಿಯಂ ಚಕ್ರಗಳಿಗೆ ಪಾಲಿಶ್ ಮಾಡುವ ಕಾರ್ಖಾನೆ ಸಿಡಿಯಿತು. ಆಸ್ಪತ್ರೆಯಲ್ಲಿ ಸತ್ತವರನ್ನೂ ಸೇರಿಸಿ 146 ಜನ. ಹೊತ್ತಿಕೊಂಡದ್ದು ಪಾಲಿಶ್ ಮಾಡುವಾಗ ಉದುರುವ ಪುಡಿ.

ಹಾಗಾದರೆ ತಡೆಯುವುದು ಹೇಗೆ? ಮೊದಲು ಧೂಳು ಹುಟ್ಟಿದ ಜಾಗದಲ್ಲೇ ಅದನ್ನು ಎಳೆದುಕೊಳ್ಳಬೇಕು. ತಪ್ಪಿಸಿಕೊಂಡು ಹೊರಬಂದದ್ದನ್ನು ದಪ್ಪ ಕೂರುವ ಮೊದಲೇ ತೆಗೆಯಬೇಕು. ಬೆಂಕಿಯಿಂದ ರಕ್ಷಣೆಗೆ ಮಾನದಂಡ ರೂಪಿಸುವ ಅಮೆರಿಕದ ಎನ್‌ಎಫ್‌ಪಿಎ ಸಂಸ್ಥೆ ಬಹುಕಾಲ ಹೇಳಿಕೊಂಡು ಬಂದ ಎಚ್ಚರಿಕೆಯ ಮಟ್ಟ 0.8 ಮಿಲಿಮೀಟರ್, ಅದೂ ನೆಲದ ವಿಸ್ತೀರ್ಣದ ನೂರಕ್ಕೆ 5ರಷ್ಟು ಜಾಗದಲ್ಲಿ. ಕಾಗದಕ್ಕೆ ಹಾಕುವ ಕ್ಲಿಪ್ಪಿನ ತಂತಿಯಷ್ಟು ದಪ್ಪ, ಅಷ್ಟೇ. ಧೂಳಿನಡಿ ಬಣ್ಣ ಕಾಣದಂತಾಗಿದ್ದರೆ ಆಗಲೇ ತಡವಾಗಿದೆ ಎಂದುಕೊಳ್ಳಬೇಕು. ಅದೂ ಕಣ್ಣೆತ್ತರದಲ್ಲಿ ಅಲ್ಲ, ಏಣಿ ಹತ್ತಿ ನೋಡಬೇಕು.

ಗುಡಿಸುವ ರೀತಿಯಲ್ಲೂ ಅಪಾಯ ಇದೆ. ತೊಲೆಯ ಮೇಲಿನ ಧೂಳನ್ನು ಏರ್ ಗನ್ ಹಿಡಿದು ಊದುವುದು ಎಷ್ಟೋ ಕಡೆ ಅಭ್ಯಾಸ. ಬೇಗ ಮುಗಿಯುತ್ತದೆ ನಿಜ, ಆದರೆ ಸ್ಫೋಟಕ್ಕೆ ಬೇಕಾದ ಮೋಡವನ್ನು ನಾವೇ ಕೈಯಾರೆ ಎಬ್ಬಿಸಿದ ಹಾಗೆ. ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಕೂಡ ಆಗದು, ಅದರ ಮೋಟಾರಿನ ಕಿಡಿಯೇ ಸಾಕು. ಉರಿಯುವ ಧೂಳಿಗೆಂದೇ ಮಾಡಿದ, ಅರ್ಥಿಂಗ್ ಇರುವ ವ್ಯಾಕ್ಯೂಮ್ ಬೇಕು. ಈ ಕೆಲಸವನ್ನು ಕಸ ಗುಡಿಸುವುದು ಎಂದು ಕೀಳಾಗಿ ನೋಡಿ, ಶಿಫ್ಟ್ ಮುಗಿಯುವಾಗ ಸಮಯ ಉಳಿದರೆ ಮಾಡಿ ಅನ್ನುತ್ತಾರೆ. ನನಗೆ ಇದು ಅತಿ ದೊಡ್ಡ ತಪ್ಪು ಅನಿಸುತ್ತದೆ. ಎರಡನೇ ಸ್ಫೋಟ ಆಗದಂತೆ ನೋಡಿಕೊಳ್ಳುವವರು ಇವರೇ. ಅವರಿಗೆ ಸಮಯ, ಸಲಕರಣೆ, ತರಬೇತಿ ಮೂರೂ ಸಿಗಬೇಕು.

ಕಿಡಿಯ ಮೂಲಗಳನ್ನೂ ಬಿಡುವ ಹಾಗಿಲ್ಲ. ಬೇರಿಂಗ್ ಕಾಯುತ್ತಿದೆಯಾ, ಬೆಲ್ಟ್ ಓರೆಯಾಗಿ ಉಜ್ಜುತ್ತಿದೆಯಾ ಎಂದು ನೋಡುತ್ತಿರಬೇಕು. ಪುಡಿಯ ಜೊತೆ ಬಂದ ಮೊಳೆ, ಬೋಲ್ಟು ಗ್ರೈಂಡರ್ ಸೇರದಂತೆ ಅಯಸ್ಕಾಂತ ಇಡಬೇಕು. ಪೈಪಿನಲ್ಲಿ ಪುಡಿ ಓಡುವಾಗ ಸ್ಥಾಯೀ ವಿದ್ಯುತ್ ಸೇರಿಕೊಳ್ಳುತ್ತದೆ, ಹಾಗಾಗಿ ಲೋಹದ ಭಾಗಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ಅರ್ಥ್ ಮಾಡಬೇಕು. ವೆಲ್ಡಿಂಗ್, ಕಟಿಂಗ್ ಕೆಲಸ ಪರ್ಮಿಟ್ ಇಲ್ಲದೆ ಶುರುವಾಗಬಾರದು. ಪರ್ಮಿಟ್ ಎಂದರೆ ಸುಮ್ನೆ ಸಹಿ ಹಾಕಿದ ಹಾಳೆ ಅಲ್ಲ. ಸಹಿ ಹಾಕುವವರು ಜಾಗಕ್ಕೆ ಹೋಗಿ, ಯಂತ್ರ ನಿಂತಿದೆಯಾ, ಒಳಗಿನ ಪುಡಿ ತೆಗೆದಿದ್ದಾರಾ ಎಂದು ಕಣ್ಣಾರೆ ನೋಡಿರಬೇಕು. ಕೆಲಸ ಮುಗಿದ ಮೇಲೂ ಒಬ್ಬರು ಅಲ್ಲೇ ಕಾವಲಿರಬೇಕು, ಯಾಕೆಂದರೆ ಪುಡಿಯ ರಾಶಿಯೊಳಗೆ ಕೆಂಡ ಕಾಣದಂತೆ ಕೂತಿರಬಲ್ಲದು.

ಇಷ್ಟೆಲ್ಲ ಮಾಡಿಯೂ ಸ್ಫೋಟ ಆದರೆ ಅಂತ ಇನ್ನೊಂದು ಸಾಲಿನ ರಕ್ಷಣೆ ಇರುತ್ತದೆ. ಒತ್ತಡ ಏರುತ್ತಲೇ ಒಡೆದು ಬೆಂಕಿಯನ್ನು ಬಯಲಿಗೆ ಬಿಡುವ ವೆಂಟ್ ಫಲಕಗಳು ಇವೆ. ಅವುಗಳ ಬಾಯಿ ಜನ ಓಡಾಡುವ ದಾರಿಯ ಕಡೆ ಇರಬಾರದು. ಡಕ್ಟಿನಲ್ಲಿ ಬೆಂಕಿ ಮುಂದಕ್ಕೆ ಓಡದಂತೆ ತಡೆಯುವ ವಾಲ್ವುಗಳಿವೆ. ಗಣಿಗಳಲ್ಲಿ ಸುಣ್ಣದಕಲ್ಲಿನ ಪುಡಿಯನ್ನು ಕಲ್ಲಿದ್ದಲ ಧೂಳಿನ ಮೇಲೆ ಹರಡುತ್ತಾರೆ. ಎರಡೂ ಒಟ್ಟಿಗೆ ಎದ್ದಾಗ ಸುಣ್ಣದಕಲ್ಲು ಬಿಸಿಯನ್ನು ಹೀರಿಕೊಂಡು ಜ್ವಾಲೆ ಸಾಯುತ್ತದೆ.

ಸಣ್ಣಗೆ ಬೆಂಕಿ ಕಂಡಾಗ ಏನು ಮಾಡಬೇಕು ಎಂಬುದೂ ಮೊದಲೇ ತಿಳಿದಿರಬೇಕು. ಹೊಗೆಯಾಡುವ ಹಿಟ್ಟಿನ ರಾಶಿಗೆ ಜೋರಾಗಿ ನೀರಿನ ಧಾರೆ ಬಿಟ್ಟರೆ ಪುಡಿ ಹಾರಿ ಮೋಡ ಆಗುತ್ತದೆ. ಅಲ್ಲಿಗೆ ಹನಿಹನಿಯಾಗಿ, ಮೆಲ್ಲಗೆ ಬೀಳುವ ನೀರು ಬೇಕು. ಅಲ್ಯುಮಿನಿಯಂ, ಮೆಗ್ನೀಸಿಯಂ ಪುಡಿಗೆ ನೀರೇ ಆಗದು. ಉರಿಯುವ ಲೋಹದ ಮೇಲೆ ನೀರು ಬಿದ್ದರೆ ಹೈಡ್ರೋಜನ್ ಹೊರಟು ಅದೂ ಸಿಡಿಯುತ್ತದೆ. ಅದಕ್ಕೆ ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಒಣ ಪುಡಿಯನ್ನು ಮೆಲ್ಲಗೆ ಸುರಿದು ಮುಚ್ಚಬೇಕು. ಇದು ಕಾರ್ಖಾನೆಯವರಿಗಷ್ಟೇ ಗೊತ್ತಿದ್ದರೆ ಸಾಲದು. ಒಳಗೆ ಯಾವ ಪುಡಿ ಇದೆ ಎಂದು ಹತ್ತಿರದ ಅಗ್ನಿಶಾಮಕ ಠಾಣೆಗೂ ಮುಂಚೆಯೇ ತಿಳಿಸಿರಬೇಕು.