ಕೂಪರ್ ಬ್ಲ್ಯಾಕ್: ದಪ್ಪ ಅಕ್ಷರದ ಮೇಲೆ ಇಷ್ಟೊಂದು ಜಗಳ ಯಾಕೆ?

ಕೂಪರ್ ಬ್ಲ್ಯಾಕ್ ಅನ್ನುವ ದಪ್ಪ ಇಂಗ್ಲಿಷ್ ಅಕ್ಷರ ಕಂಡ ಕೂಡಲೇ ಜನ "ಎಪ್ಪತ್ತರ ದಶಕದ ಫಾಂಟ್" ಅಂದುಬಿಡುತ್ತಾರೆ. ವಿನ್ಯಾಸಗಾರರಲ್ಲಿ ಕೆಲವರಿಗೆ ಅದು ಸವಕಲು ಅಕ್ಷರ. ಇನ್ನು ಕೆಲವರು ಏನೇ ಮಾಡಿದರೂ ಅದನ್ನೇ ಹಾಕುತ್ತಾರೆ. ಎರಡೂ ಕಡೆಯವರ ಮಾತು ಕೇಳಿದರೆ ತಲೆ ಕೆಡುತ್ತದೆ, ಅಲ್ವಾ? ಹಾಗಾಗಿ ಅದು ಹುಟ್ಟಿದ ಕಡೆಯಿಂದಲೇ ಬರೋಣ.

ಅದು ಬಂದದ್ದು 1922ರಲ್ಲಿ, ಶಿಕಾಗೋದಲ್ಲಿ. ರೂಪಿಸಿದವರು ಆಸ್ವಾಲ್ಡ್ ಬ್ರೂಸ್ ಕೂಪರ್. ಅಕ್ಷರ ವಿನ್ಯಾಸಗಾರ ಫ್ರೆಡರಿಕ್ ಗೌಡಿ ಅವರ ಹತ್ತಿರ ಕಲಿತವರು, ಜಾಹೀರಾತಿಗೆ ಕೈಯಲ್ಲೇ ಅಕ್ಷರ ಬರೆದು ಪಳಗಿದವರು. ಅದರ ಮೊಳೆ, ಅಂದರೆ ಅಚ್ಚಿಗೆ ಬಳಸುವ ಲೋಹದ ಅಕ್ಷರ, ಎರಕ ಹೊಯ್ದು ಮಾರಿದ್ದು ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಕಂಪನಿ. ಚೆನ್ನಾಗಿ ಓಡಿತು. ಓಡಿದ್ದಕ್ಕೆ ಪೈಪೋಟಿಯೂ ಹುಟ್ಟಿತು: ಲಾನ್‌ಸ್ಟನ್ ಮೊನೊಟೈಪ್ ಕಂಪನಿ ಇದಕ್ಕೆ ಎದುರಾಗಿ ಗೌಡಿ ಅವರಿಂದಲೇ ಒಂದು ದಪ್ಪ ಅಕ್ಷರ ಮಾಡಿಸಿತು.

ಅಕ್ಷರವನ್ನು ಹತ್ತಿರದಿಂದ ನೋಡಿ. ಕಾಲುಗಳ ತುದಿ ಚಪ್ಪಟೆಯಾಗಿಲ್ಲ, ಉರುಟಾಗಿದೆ. ಗೆರೆಯ ಮೇಲೆ ಪೂರ್ತಿ ಕೂರುವುದಿಲ್ಲ, ಸುಮ್ನೆ ತಾಗಿ ನಿಲ್ಲುತ್ತದೆ. ಜೋಡಿಸುವಾಗ ಕೂದಲೆಳೆಯಷ್ಟು ಮೇಲೆ ಕೆಳಗೆ ಆದರೂ ಕಣ್ಣಿಗೆ ಹೊಡೆಯುವುದಿಲ್ಲ. 'o' ಅಕ್ಷರದ ಒಳಗಿನ ಖಾಲಿ ಜಾಗ ಎಡಕ್ಕೆ ವಾಲಿದೆ. 'i' ಮೇಲಿನ ಚುಕ್ಕೆ ಕೂಡ ಮೊಟ್ಟೆಯ ಹಾಗೆ ಓರೆ. ಇಷ್ಟು ದಪ್ಪ ಇದ್ದೂ ಗದರಿದ ಹಾಗೆ ಅನಿಸದಿರುವುದು ಇದರಿಂದಲೇ. ಕೈಬರಹದ ಮೆತ್ತಗಿನ ಗುಣ ಅದರಲ್ಲಿ ಉಳಿದಿದೆ.

ಮುಂದಿನ ಮೂವತ್ತು ಚಿಲ್ಲರೆ ವರ್ಷಗಳನ್ನು ದಾಟಿ ಅರವತ್ತರ ದಶಕಕ್ಕೆ ಬರೋಣ. ನಿಜವಾದ ತಿರುವು ಅಲ್ಲಿದೆ. ಸೀಸದ ಮೊಳೆಗೆ ಒಂದು ಕಟ್ಟುಪಾಡಿತ್ತು. ಪ್ರತಿ ಅಕ್ಷರವೂ ತನ್ನದೇ ಲೋಹದ ಕಟ್ಟೆಯ ಮೇಲೆ ಇರುತ್ತಿತ್ತು, ಪಕ್ಕದ್ದರೊಳಗೆ ನುಗ್ಗುವಂತಿರಲಿಲ್ಲ. ಲೋಹದ ಬದಲು ಫೋಟೋ ಫಿಲ್ಮ್‌ನಿಂದ ಅಕ್ಷರ ಮೂಡಿಸುವುದು ಬಂದಾಗ ಆ ಕಟ್ಟೆಯೇ ಹೋಯಿತು. ಲೆಟ್ರಾಸೆಟ್ ಹಾಳೆ ಬಂದ ಮೇಲಂತೂ ಅಚ್ಚಿನ ಮನೆಗೂ ಹೋಗಬೇಕಿರಲಿಲ್ಲ. ಹಾಳೆಯನ್ನು ಕಾಗದದ ಮೇಲಿಟ್ಟು ಉಜ್ಜಿದರೆ ಅಕ್ಷರ ಕೆಳಗೆ ಅಂಟಿಕೊಳ್ಳುತ್ತಿತ್ತು. ಎಷ್ಟು ಒತ್ತಾಗಿ ಬೇಕಾದರೂ ಕೂರಿಸಬಹುದಿತ್ತು. ಉರುಟು ಅಕ್ಷರಗಳು ಒಂದಕ್ಕೊಂದು ತಾಗಿ ಕುಳಿತಾಗ ಪದವೇ ಒಂದು ಚಿತ್ರವಾಯಿತು. 1966ರಲ್ಲಿ ಬೀಚ್ ಬಾಯ್ಸ್ ತಂಡದ ಆಲ್ಬಮ್ ಹೊದಿಕೆಯ ಹಸಿರು ಪಟ್ಟಿಯಲ್ಲಿ ಕಂಡದ್ದು ಇದೇ. ಆಮೇಲೆ ಎಪ್ಪತ್ತರ ದಶಕದಲ್ಲಿ ಟೀ ಶರ್ಟು, ಟಿವಿ ಕಾರ್ಯಕ್ರಮದ ಹೆಸರು, ಅಂಗಡಿ ಬೋರ್ಡು, ಎಲ್ಲೆಲ್ಲೂ ಅದೇ.

ಎಪ್ಪತ್ತರ ಮುದ್ರೆ ಬಿದ್ದದ್ದು ಹೀಗೆ. ಬೇಸರ ಹುಟ್ಟಿದ್ದೂ ಹೀಗೆಯೇ. ಆಮೇಲೆ ಕಂಪ್ಯೂಟರ್ ಬಂತು, ಅಕ್ಷರ ಎಲ್ಲರ ಕೈಗೆ ಸಿಕ್ಕಿತು. ಇದು ಒಬ್ಬರು ಮಾಡಿದ ತಪ್ಪಲ್ಲ. ಸುಲಭವಾಗಿ ಸಿಗುವುದನ್ನು ಜನ ಜಾಸ್ತಿ ಬಳಸುತ್ತಾರೆ, ಅಷ್ಟೇ.

ಆದರೆ ದೂರುವ ಮುಂಚೆ ಅಳತೆ ನೋಡಬೇಕು. ಈಸಿಜೆಟ್ ವಿಮಾನದ ಮೈಮೇಲೆ ದೊಡ್ಡದಾಗಿ ಇದೇ ಅಕ್ಷರ ಇದೆ, ದೂರದಿಂದಲೂ ಓದಬಹುದು. ಅದನ್ನೇ ಇಡೀ ಪ್ಯಾರಾಗೆ, ಸಣ್ಣ ಅಳತೆಯಲ್ಲಿ ಹಾಕಿದರೆ 'e' ಮತ್ತು 'a' ಒಳಗಿನ ಸಂದು ಮುಚ್ಚಿಹೋಗುತ್ತದೆ, ಸಾಲು ಪೂರ್ತಿ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ಕೂಪರ್ ಇದನ್ನು ಮಾಡಿದ್ದು ತಲೆಬರಹಕ್ಕೆ, ನಾಲ್ಕೈದು ಪದಕ್ಕೆ.