ಮುಂದಿನ ಕಾರಿನ ಗಾಳಿ, ಹಿಂದಿನ ಕಾರಿನ ಹಿಡಿತ

ಪಡುಬಿದ್ರಿ ಕಡೆಯಿಂದ ಹೆದ್ದಾರಿ 66ರಲ್ಲಿ ಬೈಕ್ ಓಡಿಸುವವರಿಗೆ ಇದು ಗೊತ್ತಿರುತ್ತದೆ. ಎಕ್ಸ್‌ಪ್ರೆಸ್ ಬಸ್ಸಿನ ಹಿಂದೆ ಇರುವಷ್ಟು ಹೊತ್ತು ಎದೆಗೆ ಗಾಳಿ ಬಡಿಯುವುದಿಲ್ಲ. ಪಕ್ಕಕ್ಕೆ ಬಂದ ಕೂಡಲೇ ಹ್ಯಾಂಡಲ್ ಅಲುಗುತ್ತದೆ. ಸ್ಲಿಪ್‌ಸ್ಟ್ರೀಮ್ ಅಂದರೆ ಇದೇ. ದಯವಿಟ್ಟು ರಸ್ತೆಯಲ್ಲಿ ಪರೀಕ್ಷೆ ಮಾಡಬೇಡಿ, ಬಸ್ಸು ಬ್ರೇಕ್ ಹಾಕಿದರೆ ನಿಮಗೆ ನಿಲ್ಲಲು ಜಾಗ ಇರುವುದಿಲ್ಲ.

ಮಂಗಳೂರಿನಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ಪಾಠ ಮಾಡುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: ಹಿಂದಿನ ಕಾರಿಗೆ ಇಷ್ಟು ಲಾಭ ಇದ್ದರೆ ಫಾರ್ಮುಲಾ ಒನ್‌ನಲ್ಲಿ ಓವರ್‌ಟೇಕ್ ಯಾಕೆ ಅಷ್ಟು ಕಷ್ಟ?

ಉತ್ತರ ತಿರುವಿನಲ್ಲಿದೆ. ರೇಸ್ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವುದು ಗಾಳಿ. ರೆಕ್ಕೆ ಮತ್ತು ಕಾರಿನ ತಳ ಸೇರಿ ಹುಟ್ಟಿಸುವ ಈ ಡೌನ್‌ಫೋರ್ಸ್, ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಮುಂದಿನ ಕಾರು ಗಾಳಿಯನ್ನು ತನ್ನ ಜೊತೆ ಎಳೆದುಕೊಂಡು ಹೋಗುವುದರಿಂದ ಹಿಂದಿನ ಕಾರಿನ ರೆಕ್ಕೆಗೆ ತಾಗುವ ಗಾಳಿ ಶೇ. 20 ನಿಧಾನವಾಯಿತು ಅಂತಿಟ್ಟುಕೊಳ್ಳಿ. ಆಗ ಒತ್ತಡ ಶೇ. 36 ಕಡಿಮೆ! ಸಾಲದ್ದಕ್ಕೆ ಆ ಗಾಳಿ ಸುಳಿಸುಳಿಯಾಗಿ ಬರುತ್ತದೆ. ಗಾಳಿ ಹಾಯಿಸಿ ಪರೀಕ್ಷೆ ಮಾಡುವ ವಿಂಡ್ ಟನೆಲ್‌ನಲ್ಲಿ ಮಾದರಿ ರೆಕ್ಕೆಗೆ ಉಣ್ಣೆ ದಾರದ ತುಂಡು ಅಂಟಿಸಿದರೆ ಕಣ್ಣಿಗೇ ಕಾಣುತ್ತದೆ. ಶುದ್ಧ ಗಾಳಿಯಲ್ಲಿ ದಾರ ರೆಕ್ಕೆಗೆ ಒರಗಿ ಮಲಗಿರುತ್ತದೆ. ಎದುರಿಗೊಂದು ಅಡ್ಡಿ ಇಟ್ಟರೆ ಪಟಪಟ ಒದ್ದಾಡುತ್ತದೆ.

ಜಾಸ್ತಿ ಪೆಟ್ಟು ಬೀಳುವುದು ಹಿಂದಿನ ಕಾರಿನ ಮೂತಿಯಲ್ಲಿರುವ ರೆಕ್ಕೆಗೆ. ಚಾಲಕ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ಹೊರಗೇ ಹೋಗುತ್ತದೆ. ಟೈರ್ ಜಾರುತ್ತದೆ, ಜಾರಿದಷ್ಟೂ ಮೇಲ್ಮೈ ಬಿಸಿಯಾಗುತ್ತದೆ, ಬಿಸಿ ಮಿತಿ ಮೀರಿದರೆ ಹಿಡಿತ ಇನ್ನೂ ಇಳಿಯುತ್ತದೆ. ಎಂಜಿನ್, ಬ್ರೇಕ್‌ಗಳಿಗೂ ತಂಪು ಗಾಳಿ ಸಾಲದು.

ನೇರ ರಸ್ತೆಯಲ್ಲಿ ಮಾತ್ರ ಮುಂದಿನ ಕಾರಿನ ಗಾಳಿ ಮರೆ ಅಪ್ಪಟ ಲಾಭ. 1971ರಲ್ಲಿ ಇಟಲಿಯ ಮೊಂಜಾದಲ್ಲಿ ವೇಗ ತಗ್ಗಿಸುವ ಶಿಕೇನ್‌ಗಳು ಇನ್ನೂ ಇರಲಿಲ್ಲ. ಒಬ್ಬರ ಹಿಂದೆ ಒಬ್ಬರು ಗಾಳಿ ಮರೆಯಲ್ಲಿ ಓಡಿ, ಮೊದಲ ಐವರು 0.61 ಸೆಕೆಂಡಿನೊಳಗೆ ಗೆರೆ ದಾಟಿದರು. ಪೀಟರ್ ಗೆಥಿನ್ ಗೆದ್ದದ್ದು 0.01 ಸೆಕೆಂಡಿನಿಂದ.

2021ರ ಕಾರುಗಳು 10 ಮೀಟರ್ ಹಿಂದಿದ್ದಾಗ ಶೇ. 46ರಷ್ಟು ಡೌನ್‌ಫೋರ್ಸ್ ಕಳೆದುಕೊಳ್ಳುತ್ತಿದ್ದವು. 2022ರ ನಿಯಮಗಳು ಬಂದಾಗ ಅದನ್ನು ಶೇ. 18ಕ್ಕೆ ಇಳಿಸುವ ಲೆಕ್ಕವಿತ್ತು. ತಳದ ಸುರಂಗಗಳಿಂದ ಒತ್ತಡ ಪಡೆದು, ಕೆಟ್ಟ ಗಾಳಿಯನ್ನು ಹಿಂದಿನ ಕಾರಿನ ತಲೆಯ ಮೇಲಿಂದ ಸಾಗಿಸುವುದು ಇದರ ಉಪಾಯ. ನನ್ನ ಮಟ್ಟಿಗೆ ಅದು ಸರಿಯಾದ ದಾರಿಯೇ. ಆದರೆ ತಂಡಗಳು ವರ್ಷ ವರ್ಷ ಕಾರು ತಿದ್ದುತ್ತಾ ಹೋದಂತೆ ಆ ಲಾಭ ಒಂದಷ್ಟು ಕರಗಿತು.

ಹಾಗಾಗಿ ಜಾಣ ಚಾಲಕ ತಿರುವಿನಲ್ಲಿ ಸುಮ್ನೆ ಅಂಟಿಕೊಳ್ಳುವುದಿಲ್ಲ. ಮೊಂಜಾದ ಪ್ಯಾರಾಬೊಲಿಕಾ ಎಂಬ ತಿರುವಿನಲ್ಲಿ ನೋಡಿ, ಸ್ವಲ್ಪ ಅಂತರ ಬಿಟ್ಟು ಟೈರ್ ಉಳಿಸಿಕೊಂಡು, ಬೇಗ ಆಕ್ಸಿಲರೇಟರ್ ತುಳಿದು, ನೇರ ರಸ್ತೆ ಸಿಕ್ಕ ಮೇಲೆ ಮುಂದಿನ ಕಾರಿನ ಬೆನ್ನಿಗೆ ಸೇರುತ್ತಾನೆ.